ಕ್ರೂಸ್ ಹಡಗುಗಳಲ್ಲಿ ನಡಿಗೆ ಮತ್ತು ಜಾಗಿಂಗ್

ಕ್ರೂಸ್ ಹಡಗುಗಳಲ್ಲಿ ನಡಿಗೆ ಮತ್ತು ಜಾಗಿಂಗ್ ಎಂಬುದು ಸಮುದ್ರಯಾನದ ವೇಳೆ ಪ್ರಯಾಣಿಕರು ಹಾಗೂ ಸಿಬ್ಬಂದಿ ಹಡಗಿನ ತೆರೆದ ಡೆಕ್‌ಗಳ ಮೇಲೆ ಕೈಗೊಳ್ಳುವ ವ್ಯಾಯಾಮವಾಗಿದೆ. ಇದಕ್ಕೆ ಮುಖ್ಯವಾಗಿ ಎರಡು ಬಗೆಯ ಸ್ಥಳಗಳು ಬಳಕೆಯಾಗುತ್ತವೆ. ಹಡಗಿನ ಎರಡೂ ಬದಿಗಳಲ್ಲಿ ಉದ್ದಕ್ಕೂ ಸಾಗುವ ಅಗಲವಾದ ಹಾದಿಯನ್ನು ಪ್ರೊಮೆನಾಡ್ ಡೆಕ್ ಅಥವಾ ವಿಹಾರ ಡೆಕ್ ಎಂದು ಕರೆಯಲಾಗುತ್ತದೆ. ಮೇಲಿನ ಅಂತಸ್ತುಗಳಲ್ಲಿ ಈಜುಕೊಳ ಮತ್ತು ಆಟದ ಅಂಗಳಗಳ ಸುತ್ತ ಬಣ್ಣದಿಂದ ಗುರುತಿಸಿದ ಓಟದ ಪಟ್ಟಿಯನ್ನು ಜಾಗಿಂಗ್ ಟ್ರ್ಯಾಕ್ ಎನ್ನುತ್ತಾರೆ.

ಹಡಗಿನ ತೆರೆದ ಡೆಕ್ ಸೀಮಿತವಾದ ಸ್ಥಳ. ಅಲ್ಲಿ ಯಾರು ನಡೆಯಬಹುದು, ಯಾವ ಹೊತ್ತಿನಲ್ಲಿ ನಡೆಯಬಹುದು, ಎಷ್ಟು ದೂರ ತಡೆಯಿಲ್ಲದೆ ಸಾಗಬಹುದು ಎಂಬುದನ್ನು ಆಯಾ ಕಾಲದ ವರ್ಗಭೇದ, ಸುರಕ್ಷತಾ ನಿಯಮಗಳು ಮತ್ತು ಹಡಗು ಕಂಪನಿಗಳ ವ್ಯಾಪಾರದ ಲೆಕ್ಕಾಚಾರಗಳು ನಿರ್ಧರಿಸುತ್ತ ಬಂದಿವೆ. ಇಂದಿನ ಬಹುತೇಕ ಕ್ರೂಸ್ ಹಡಗುಗಳಲ್ಲಿ ವಿಹಾರ ಡೆಕ್ ಎಲ್ಲ ಪ್ರಯಾಣಿಕರಿಗೂ ಪ್ರತ್ಯೇಕ ಶುಲ್ಕವಿಲ್ಲದೆ ತೆರೆದಿರುತ್ತದೆ.

## ಇತಿಹಾಸ

### ಬಲವಂತದ ವ್ಯಾಯಾಮ

ಹಡಗಿನ ಡೆಕ್ ಮೇಲಿನ ವ್ಯಾಯಾಮದ ಚರಿತ್ರೆ ವಿಹಾರದಿಂದ ಆರಂಭವಾಗುವುದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಆಫ್ರಿಕಾದಿಂದ ಅಮೆರಿಕ ಖಂಡಗಳಿಗೆ ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳಲ್ಲಿ, ಸಂಕೋಲೆಯಲ್ಲಿದ್ದವರನ್ನು ಹಗಲಿನಲ್ಲಿ ಡೆಕ್ ಮೇಲೆ ತಂದು ಕುಣಿಯುವಂತೆ ಒತ್ತಾಯಿಸಲಾಗುತ್ತಿತ್ತು. ಮಾರಾಟದ ವೇಳೆಗೆ ಅವರು ಬದುಕುಳಿದಿರಬೇಕು, ಮೈಕಟ್ಟು ಉಳಿದಿರಬೇಕು ಎಂಬುದಷ್ಟೇ ಇದರ ಉದ್ದೇಶವಾಗಿತ್ತು. ಇಂತಹ ಹಡಗುಗಳಲ್ಲಿ ಶಸ್ತ್ರವೈದ್ಯನಾಗಿದ್ದ ಅಲೆಕ್ಸಾಂಡರ್ ಫಾಲ್ಕನ್‌ಬ್ರಿಡ್ಜ್ 1788ರಲ್ಲಿ ಪ್ರಕಟಿಸಿದ ವೃತ್ತಾಂತದಲ್ಲಿ, ಕುಣಿಯಲು ಹಿಂಜರಿದವರಿಗೆ ಚಾವಟಿಯೇಟು ಬೀಳುತ್ತಿದ್ದುದನ್ನು ದಾಖಲಿಸಿದ್ದಾನೆ.

ಮುಂದೆ ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ಕೈದಿಗಳನ್ನು ಒಯ್ದ ಹಡಗುಗಳಲ್ಲಿಯೂ, ಕಲ್ಕತ್ತ ಮತ್ತು ಮದರಾಸಿನಿಂದ ಮಾರಿಷಸ್, ಕೆರಿಬಿಯನ್ ದ್ವೀಪಗಳು ಹಾಗೂ ಫಿಜಿಗೆ ಗಿರ್ಮಿಟ್ ಕೂಲಿಗಳನ್ನು ಸಾಗಿಸಿದ ಹಡಗುಗಳಲ್ಲಿಯೂ ಪ್ರಯಾಣಿಕರನ್ನು ಹಗಲಿನಲ್ಲಿ ಡೆಕ್ ಮೇಲೆ ತರುವ ಪದ್ಧತಿ ಇತ್ತು. ಕೆಳಗಿನ ಅಂತಸ್ತುಗಳ ಇಕ್ಕಟ್ಟು ಮತ್ತು ಕೆಟ್ಟ ಗಾಳಿಯೇ ರೋಗಗಳಿಗೆ ಮೂಲ ಎಂದು ಅಂದಿನ ವೈದ್ಯರು ಭಾವಿಸಿದ್ದುದು ಇದಕ್ಕೆ ಕಾರಣವಾಗಿತ್ತು.

### ವಿಹಾರ ಡೆಕ್‌ನ ಉದಯ

ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಹಡಗುಗಳು ಬಂದ ಮೇಲೆ ಡೆಕ್‌ನ ಸ್ವರೂಪ ಬದಲಾಯಿತು. ಹಾಯಿ, ಹಗ್ಗ ಮತ್ತು ಪಟಸ್ತಂಭಗಳ ಕೆಲಸಕ್ಕೆ ಬೇಕಾಗಿದ್ದ ಜಾಗ ಕ್ರಮೇಣ ಪ್ರಯಾಣಿಕರಿಗೆ ದೊರೆಯಿತು. 1867ರಲ್ಲಿ ನ್ಯೂಯಾರ್ಕಿನಿಂದ ಮೆಡಿಟರೇನಿಯನ್ ಕಡೆಗೆ ಹೊರಟ ಕ್ವೇಕರ್ ಸಿಟಿ ಎಂಬ ಹಡಗಿನ ವಿಹಾರ ಪ್ರವಾಸವನ್ನು ಮಾರ್ಕ್ ಟ್ವೇನ್ 1869ರ ತನ್ನ ಪ್ರವಾಸ ಗ್ರಂಥ 'ದಿ ಇನ್ನೊಸೆಂಟ್ಸ್ ಅಬ್ರಾಡ್'ನಲ್ಲಿ ವಿವರಿಸಿದ್ದು, ಡೆಕ್ ಮೇಲಿನ ಕಾಲಯಾಪನೆಗೂ ಅದರಲ್ಲಿ ಸ್ಥಾನವಿದೆ. ವಿಹಾರಕ್ಕೆಂದೇ ನಿರ್ಮಿಸಲಾದ ಮೊದಲ ಹಡಗು ಎಂದು ಸಾಮಾನ್ಯವಾಗಿ ಪರಿಗಣಿಸಲಾಗುವ ಜರ್ಮನಿಯ ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸೆ 1900ರಲ್ಲಿ ನೀರಿಗಿಳಿಯಿತು. ಇದರಲ್ಲಿ ಎಲ್ಲ ಕೋಣೆಗಳೂ ಮೊದಲ ದರ್ಜೆಯವಾಗಿದ್ದವು.

ಅಟ್ಲಾಂಟಿಕ್ ದಾಟುತ್ತಿದ್ದ ದೊಡ್ಡ ಹಡಗುಗಳಲ್ಲಿ ಡೆಕ್ ದರ್ಜೆಗಳಿಗೆ ಅನುಗುಣವಾಗಿ ಹಂಚಿಹೋಗಿತ್ತು. 1912ರ ಟೈಟಾನಿಕ್ ಇದಕ್ಕೆ ಸ್ಪಷ್ಟ ಉದಾಹರಣೆ. ಸುಮಾರು 269 ಮೀಟರ್ ಉದ್ದದ ಈ ಹಡಗಿನಲ್ಲಿ ಮೊದಲ ದರ್ಜೆಯವರಿಗೆ ಎ ಡೆಕ್ ಹಾಗೂ ಅದರ ಮೇಲಿನ ಬೋಟ್ ಡೆಕ್‌ನ ಬಹುಭಾಗ ಮೀಸಲಾಗಿತ್ತು. ಎರಡನೆಯ ದರ್ಜೆಯವರಿಗೆ ಬೋಟ್ ಡೆಕ್‌ನ ಹಿಂಭಾಗ ದೊರೆತಿತ್ತು. ಮೂರನೆಯ ದರ್ಜೆಯವರು ಹಡಗಿನ ತುದಿಗಳಲ್ಲಿದ್ದ ತಗ್ಗಿನ ಡೆಕ್‌ಗಳಲ್ಲಿ ಮತ್ತು ಹಿಂತುದಿಯ ಪೂಪ್ ಡೆಕ್‌ನಲ್ಲಿ, ಸರಕು ಎತ್ತುವ ಯಂತ್ರಗಳ ನಡುವೆ ಓಡಾಡಬೇಕಿತ್ತು. ಹೀಗಾಗಿ ಯಾವ ದರ್ಜೆಯ ಪ್ರಯಾಣಿಕನಿಗೂ ಹಡಗನ್ನು ಪೂರ್ತಿಯಾಗಿ ಸುತ್ತುಹಾಕಲು ಸಾಧ್ಯವಿರಲಿಲ್ಲ. ಎ ಡೆಕ್‌ನ ಮುಂದಿನ ಅರ್ಧಕ್ಕೆ ಗಾಜಿನ ಕಿಟಕಿಗಳನ್ನು ಅಳವಡಿಸಲಾಗಿತ್ತು. ಛಾಯಾಚಿತ್ರಗಳಲ್ಲಿ ಟೈಟಾನಿಕ್ ಹಡಗನ್ನು ಅದರ ಜೋಡಿ ಹಡಗಾದ ಒಲಿಂಪಿಕ್‌ನಿಂದ ಬೇರೆಯಾಗಿ ಗುರುತಿಸಲು ಈ ಕಿಟಕಿಗಳ ಸಾಲೇ ಮುಖ್ಯ ಲಕ್ಷಣವಾಗಿದೆ. ಬೋಟ್ ಡೆಕ್ ಮೇಲೆ ಮೊದಲ ದರ್ಜೆಯವರಿಗಾಗಿ ದೋಣಿ ಹುಟ್ಟುಹಾಕುವ ಯಂತ್ರ, ನಿಂತಲ್ಲೇ ತುಳಿಯುವ ಸೈಕಲ್ಲು, ವಿದ್ಯುತ್ ಚಾಲಿತ ಕುದುರೆ ಮತ್ತು ಒಂಟೆಗಳಿದ್ದ ವ್ಯಾಯಾಮಶಾಲೆಯೂ ಇತ್ತು. ಅಯರ್ಲೆಂಡಿನ ಕ್ವೀನ್ಸ್‌ಟೌನ್‌ನಲ್ಲಿ ಹಡಗಿನಿಂದ ಇಳಿದ ಪಾದ್ರಿ ಫ್ರಾನ್ಸಿಸ್ ಬ್ರೌನ್ ತೆಗೆದ ಚಿತ್ರಗಳು ಈ ಡೆಕ್‌ಗಳ ಮೇಲಿನ ಜೀವನದ ಅಪರೂಪದ ದಾಖಲೆಗಳಾಗಿವೆ.

### ಜಾಗಿಂಗ್‌ನ ಪ್ರವೇಶ

1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟಲಾರಂಭಿಸಿದ ನಂತರ ಸಾಗಣೆಯ ಹಡಗುಗಳು ಪ್ರಯಾಣಿಕರನ್ನು ಕಳೆದುಕೊಂಡವು. ಉಳಿದವು ಕ್ರಮೇಣ ವಿಹಾರಕ್ಕೆ ತಿರುಗಿದವು ಮತ್ತು ದರ್ಜೆಗಳ ಗಡಿಗಳು ಬಹುಮಟ್ಟಿಗೆ ಅಳಿದವು. ಇದೇ ಅವಧಿಯಲ್ಲಿ ಜನಸಾಮಾನ್ಯರ ವ್ಯಾಯಾಮವಾಗಿ ಜಾಗಿಂಗ್ ಬೆಳೆಯಿತು. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್‌ನ ಪ್ರಯೋಗಗಳಿಂದ ಪ್ರೇರಿತನಾದ ಅಮೆರಿಕದ ಬಿಲ್ ಬೋವರ್‌ಮನ್ 1967ರಲ್ಲಿ ಈ ವಿಷಯದ ಪುಸ್ತಕವೊಂದನ್ನು ಪ್ರಕಟಿಸಿದನು. 1968ರಲ್ಲಿ ವೈದ್ಯ ಕೆನೆತ್ ಕೂಪರ್‌ನ 'ಏರೋಬಿಕ್ಸ್' ಹೊರಬಂದಿತು. ಊರಿನಲ್ಲಿ ದಿನವೂ ಓಡುವವರು ರಜೆಯಲ್ಲಿಯೂ ಓಟದ ಸ್ಥಳವನ್ನು ಬಯಸತೊಡಗಿದ ಪರಿಣಾಮವಾಗಿ, ಮುಂದಿನ ದಶಕಗಳಲ್ಲಿ ಕಟ್ಟಿದ ಹಡಗುಗಳ ಮೇಲಂತಸ್ತಿನಲ್ಲಿ ಓಟದ ಪಟ್ಟಿ ಸಾಮಾನ್ಯ ಅಂಗವಾಯಿತು.

## ಹಾದಿಗಳ ವಿಧಗಳು

ಪೂರ್ಣ ಸುತ್ತಿನ ವಿಹಾರ ಡೆಕ್: ಹಡಗಿನ ಮುಂಭಾಗದಿಂದ ಹಿಂಭಾಗದವರೆಗೆ ಒಂದು ಬದಿಯಲ್ಲಿ ಸಾಗಿ, ಇನ್ನೊಂದು ಬದಿಯಲ್ಲಿ ಮರಳಿ ಹೊರಟ ಸ್ಥಳಕ್ಕೇ ಬರಬಹುದಾದ ಹಾದಿ ಇದು. ನಿತ್ಯ ನಡೆಯುವವರು ಇದನ್ನು ಹೆಚ್ಚು ಇಷ್ಟಪಡುತ್ತಾರೆ. ಸಾಮಾನ್ಯವಾಗಿ ಇದು ಲೈಫ್‌ಬೋಟ್‌ಗಳು ತೂಗುವ ಅಂತಸ್ತಿನಲ್ಲಿ ಅಥವಾ ಅದಕ್ಕೆ ಸಮೀಪದಲ್ಲಿರುತ್ತದೆ. ಮೇಲೆ ಮತ್ತೊಂದು ಡೆಕ್ ಚಾವಣಿಯಂತೆ ಚಾಚಿಕೊಂಡಿರುವುದರಿಂದ ಬಿಸಿಲು ಮಳೆಗಳಿಂದ ಸ್ವಲ್ಪ ರಕ್ಷಣೆ ದೊರೆಯುತ್ತದೆ.

ಅರ್ಧ ಹಾದಿ: ಕೆಲವು ಹಡಗುಗಳಲ್ಲಿ ವಿಹಾರ ಡೆಕ್ ಎರಡೂ ಬದಿಗಳಲ್ಲಿದ್ದರೂ ಮುಂತುದಿಯಲ್ಲಿ ಅಥವಾ ಹಿಂತುದಿಯಲ್ಲಿ ಕೂಡಿಕೊಳ್ಳುವುದಿಲ್ಲ. ನಡೆಯುವವರು ತುದಿಯವರೆಗೆ ಹೋಗಿ ಹಿಂದಿರುಗಬೇಕು, ಇಲ್ಲವೇ ಹಡಗಿನ ಒಳಗಿನಿಂದ ಹಾದು ಇನ್ನೊಂದು ಬದಿಯನ್ನು ಸೇರಬೇಕು.

ಮೇಲಂತಸ್ತಿನ ಟ್ರ್ಯಾಕ್: ಇದು ಸಾಮಾನ್ಯವಾಗಿ ರಬ್ಬರಿನಂತಹ ಮೆತ್ತನೆಯ ಹೊದಿಕೆಯುಳ್ಳ ಕಿರಿದಾದ ಪಟ್ಟಿ. ಸುತ್ತು ಚಿಕ್ಕದಾಗಿದ್ದು ತಿರುವುಗಳು ಹೆಚ್ಚಿರುತ್ತವೆ. ಬಿಸಿಲುಕುರ್ಚಿಗಳು, ಈಜುಕೊಳಕ್ಕೆ ಹೋಗುವವರು ಹಾಗೂ ಆಟವಾಡುವ ಮಕ್ಕಳು ಹಾದಿಗೆ ಅಡ್ಡ ಬರುವುದರಿಂದ ಬೆಳಗಿನ ಹೊತ್ತು ಬಿಟ್ಟರೆ ಓಟ ಕಷ್ಟವಾಗುತ್ತದೆ.

ವಿಹಾರ ಡೆಕ್‌ನ ನೆಲಕ್ಕೆ ಸಾಂಪ್ರದಾಯಿಕವಾಗಿ ತೇಗದ ಹಲಗೆಗಳನ್ನು ಬಳಸಲಾಗುತ್ತದೆ. ತೇಗದಲ್ಲಿ ಸಹಜವಾದ ಎಣ್ಣೆಯಂಶವಿರುವುದರಿಂದ ಅದು ಉಪ್ಪುನೀರಿಗೆ ಬೇಗ ಕೊಳೆಯುವುದಿಲ್ಲ; ಒದ್ದೆಯಾದಾಗಲೂ ಬಣ್ಣ ಬಳಿದ ಉಕ್ಕಿಗಿಂತ ಕಡಿಮೆ ಜಾರುತ್ತದೆ. ಹಲಗೆಯ ಕೆಳಗೆ ಇರುವುದು ಉಕ್ಕಿನ ತಟ್ಟೆಯಾದ್ದರಿಂದ ಕಾಲಿಗೆ ಈ ನೆಲ ಗಟ್ಟಿಯಾಗಿಯೇ ಇರುತ್ತದೆ. ಇತ್ತೀಚಿನ ಹಲವು ಹಡಗುಗಳಲ್ಲಿ ತೇಗದ ಬದಲು ಕೃತಕ ಹೊದಿಕೆಗಳು ಬಂದಿವೆ.

## ದೂರದ ಲೆಕ್ಕ

ಬಹುತೇಕ ಹಡಗುಗಳಲ್ಲಿ ಎಷ್ಟು ಸುತ್ತಿಗೆ ಒಂದು ಮೈಲಿ ಅಥವಾ ಒಂದು ಕಿಲೋಮೀಟರ್ ಆಗುತ್ತದೆ ಎಂಬ ಫಲಕವನ್ನು ಹಾದಿಯ ಪಕ್ಕದಲ್ಲಿ ಹಾಕಿರುತ್ತಾರೆ. 2004ರಲ್ಲಿ ಸೇವೆಗೆ ಬಂದ, 345 ಮೀಟರ್ ಉದ್ದದ ಕ್ವೀನ್ ಮೇರಿ 2 ಹಡಗಿನ ಏಳನೆಯ ಡೆಕ್‌ನ ಒಂದು ಸುತ್ತು 620 ಮೀಟರ್ ಇದೆ. ಅಲ್ಲಿ 5 ಕಿಲೋಮೀಟರ್ ಪೂರೈಸಲು ಸುಮಾರು ಎಂಟು ಸುತ್ತು ಸಾಕು. ಇದಕ್ಕೆ ವ್ಯತಿರಿಕ್ತವಾಗಿ, ಹತ್ತು ಸುತ್ತಿಗೆ ಒಂದು ಮೈಲಿ ಆಗುವಂತಹ ಮೇಲಂತಸ್ತಿನ ಟ್ರ್ಯಾಕ್‌ನಲ್ಲಿ ಒಂದು ಸುತ್ತು ಸುಮಾರು 160 ಮೀಟರ್ ಮಾತ್ರ. ಅದೇ 5 ಕಿಲೋಮೀಟರಿಗೆ ಮೂವತ್ತೊಂದು ಸುತ್ತು ಹಾಕಬೇಕಾಗುತ್ತದೆ.

ಉಪಗ್ರಹ ಸಂಕೇತ ಆಧರಿಸಿದ ಜಿಪಿಎಸ್ ಕೈಗಡಿಯಾರಗಳು ಚಲಿಸುವ ಹಡಗಿನ ಮೇಲೆ ತಪ್ಪು ದೂರವನ್ನು ತೋರಿಸುತ್ತವೆ. ಅವು ಅಳೆಯುವುದು ಭೂಮಿಗೆ ಸಾಪೇಕ್ಷವಾದ ಚಲನೆಯನ್ನು. ಗಂಟೆಗೆ 20 ನಾಟ್, ಅಂದರೆ 37 ಕಿಲೋಮೀಟರ್ ವೇಗದ ಹಡಗಿನಲ್ಲಿ ಅರ್ಧ ಗಂಟೆ ಕುರ್ಚಿಯಲ್ಲಿ ಕುಳಿತಿದ್ದವನ ಗಡಿಯಾರವೂ ಹದಿನೆಂಟೂವರೆ ಕಿಲೋಮೀಟರ್ ದಾಖಲಿಸಬಲ್ಲದು. ಆದ್ದರಿಂದ ಹೆಜ್ಜೆ ಎಣಿಸುವ ವಿಧಾನ, ಟ್ರೆಡ್‌ಮಿಲ್ ಓಟಕ್ಕೆ ಮೀಸಲಾದ ವಿಧಾನ ಅಥವಾ ಸುತ್ತುಗಳ ಎಣಿಕೆ ಹೆಚ್ಚು ನಂಬಲರ್ಹವಾಗಿವೆ.

## ಗಾಳಿ ಮತ್ತು ಹಡಗಿನ ಚಲನೆ

ನೆಲದ ಮೇಲಿನ ಓಟಕ್ಕೂ ಡೆಕ್ ಮೇಲಿನ ಓಟಕ್ಕೂ ಇರುವ ಮುಖ್ಯ ವ್ಯತ್ಯಾಸ ಗಾಳಿ. ಡೆಕ್ ಮೇಲೆ ಅನುಭವಕ್ಕೆ ಬರುವ ಗಾಳಿ, ನೈಜ ಗಾಳಿ ಮತ್ತು ಹಡಗಿನ ವೇಗ ಎರಡೂ ಸೇರಿ ಉಂಟಾದುದು. ಗಾಳಿಯೇ ಇಲ್ಲದ ದಿನ 20 ನಾಟ್ ವೇಗದಲ್ಲಿ ಸಾಗುವ ಹಡಗಿನ ಮೇಲೆ ಗಂಟೆಗೆ 37 ಕಿಲೋಮೀಟರ್ ವೇಗದ ಎದುರುಗಾಳಿ ಬೀಸುತ್ತದೆ. ಅಷ್ಟೇ ವೇಗದ ಗಾಳಿ ಎದುರಿನಿಂದ ಬಂದರೆ ಡೆಕ್ ಮೇಲೆ ಅದು 74 ಕಿಲೋಮೀಟರ್ ಆಗುತ್ತದೆ. ಬೋಫರ್ಟ್ ಮಾಪನದಲ್ಲಿ ಇದು ಎಂಟನೆಯ ದರ್ಜೆಯ ಬಿರುಗಾಳಿಗೆ ಸಮಾನವಾಗಿದ್ದು ನಡೆಯುವುದೇ ಪ್ರಯಾಸವಾಗುತ್ತದೆ. ಅದೇ ಗಾಳಿ ಹಿಂದಿನಿಂದ ಬೀಸಿದರೆ ಡೆಕ್ ಮೇಲೆ ಎಲೆಯೂ ಅಲ್ಲಾಡದಷ್ಟು ನಿಶ್ಚಲತೆ ಇರುತ್ತದೆ. ಒಂದೇ ಸುತ್ತಿನಲ್ಲಿ ನಡೆಯುವವನಿಗೆ ಒಂದು ಬದಿಯಲ್ಲಿ ಎದುರುಗಾಳಿ, ಮತ್ತೊಂದು ಬದಿಯಲ್ಲಿ ಬೆನ್ನುಗಾಳಿ ದೊರೆಯುವುದು ಸಾಮಾನ್ಯ. ಮುಂಭಾಗದ ತಿರುವಿನಲ್ಲಿ ಗಾಳಿ ಇದ್ದಕ್ಕಿದ್ದಂತೆ ಬಲವಾಗುತ್ತದೆ. ಈ ಕಾರಣದಿಂದ ಕ್ವೀನ್ ಮೇರಿ 2 ಹಡಗಿನ ಮುಂಭಾಗದಲ್ಲಿ ಹಾದಿಯನ್ನು ಗಾಳಿತಡೆಯ ಹಿಂದಿನಿಂದ ಹಾಯಿಸಲಾಗಿದೆ.

ಎರಡನೆಯದು ಹಡಗಿನ ಓಲಾಟ. ಅಲೆಗಳಿಂದ ಹಡಗು ಅಕ್ಕಪಕ್ಕಕ್ಕೆ ವಾಲುತ್ತದೆ, ಮುಂದುಹಿಂದಕ್ಕೆ ತೂಗುತ್ತದೆ ಮತ್ತು ಇಡಿಯಾಗಿ ಮೇಲೇರಿ ಕೆಳಗಿಳಿಯುತ್ತದೆ. ಮುಂಭಾಗ ಮೇಲೇಳುವಾಗ ಮುಂದಕ್ಕೆ ನಡೆಯುವವನು ಏರು ಹತ್ತಿದಂತೆ ಶ್ರಮಪಡುತ್ತಾನೆ. ಕೆಳಗಿಳಿಯುವಾಗ ಹೆಜ್ಜೆ ನಿರೀಕ್ಷೆಗಿಂತ ತಡವಾಗಿ ನೆಲ ಮುಟ್ಟುತ್ತದೆ. ನೀರಿನ ಮಟ್ಟಕ್ಕೆ ಹತ್ತಿರವಾದ, ಹಡಗಿನ ನಡುಭಾಗದಲ್ಲಿ ಓಲಾಟ ಕಡಿಮೆ. ಮೇಲಂತಸ್ತಿನಲ್ಲಿ ಮತ್ತು ತುದಿಗಳಲ್ಲಿ ಹೆಚ್ಚು. ಆಧುನಿಕ ಹಡಗುಗಳ ತಳಭಾಗದಿಂದ ಹೊರಚಾಚುವ ರೆಕ್ಕೆಯಂತಹ ಸ್ಟೆಬಿಲೈಸರ್‌ಗಳು ಅಕ್ಕಪಕ್ಕದ ವಾಲಾಟವನ್ನು ಬಹುಮಟ್ಟಿಗೆ ತಗ್ಗಿಸುತ್ತವೆ, ಆದರೆ ಮುಂದುಹಿಂದಿನ ತೂಗಾಟದ ಮೇಲೆ ಅವುಗಳ ಪರಿಣಾಮ ಅಲ್ಪ.

## ಆರೋಗ್ಯ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ವ್ಯಾಯಾಮವನ್ನು, ಅಥವಾ 75ರಿಂದ 150 ನಿಮಿಷಗಳ ತೀವ್ರ ವ್ಯಾಯಾಮವನ್ನು ಮಾಡಬೇಕು. ದಿನಕ್ಕೆ ಅರ್ಧ ಗಂಟೆಯ ಚುರುಕು ನಡಿಗೆ ವಾರದಲ್ಲಿ ಐದು ದಿನ ನಡೆದರೆ ಈ ಕನಿಷ್ಠ ಪ್ರಮಾಣ ಪೂರ್ಣಗೊಳ್ಳುತ್ತದೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಇದು ಎರಡೂವರೆ ಕಿಲೋಮೀಟರ್; ದೊಡ್ಡ ಹಡಗಿನ ವಿಹಾರ ಡೆಕ್‌ನಲ್ಲಿ ನಾಲ್ಕೈದು ಸುತ್ತು.

ಸಮುದ್ರಯಾನದ ವಾಂತಿ ಮತ್ತು ತಲೆಸುತ್ತು ಕಣ್ಣು ಕಾಣುವುದಕ್ಕೂ ಒಳಗಿವಿ ಗ್ರಹಿಸುವುದಕ್ಕೂ ಹೊಂದಿಕೆಯಾಗದಿದ್ದಾಗ ಉಂಟಾಗುತ್ತವೆ. ತೆರೆದ ಡೆಕ್ ಮೇಲೆ ನಿಂತು ದಿಗಂತವನ್ನು ನೋಡುವುದರಿಂದ ಈ ಅಸಾಮರಸ್ಯ ಕಡಿಮೆಯಾಗಿ ಹಲವರಿಗೆ ಉಪಶಮನ ದೊರೆಯುತ್ತದೆ. ತಂಪು ಗಾಳಿಯಿಂದಾಗಿ ಬಿಸಿಲಿನ ತೀವ್ರತೆ ತಿಳಿಯದೆ ಚರ್ಮ ಸುಡುವ ಸಾಧ್ಯತೆ ಇರುತ್ತದೆ. ಬೆವರು ಬೇಗ ಆರುವುದರಿಂದ ದೇಹದ ನೀರಿನಂಶ ಕಡಿಮೆಯಾಗುವುದೂ ಗಮನಕ್ಕೆ ಬರುವುದಿಲ್ಲ. ಚಿಕ್ಕ ಟ್ರ್ಯಾಕ್‌ನಲ್ಲಿ ಒಂದೇ ದಿಕ್ಕಿಗೆ ಪದೇ ಪದೇ ತಿರುಗುವುದು ಮೊಣಕಾಲು ಮತ್ತು ಹರಡುಗಳ ಮೇಲೆ ಅಸಮ ಒತ್ತಡ ಉಂಟುಮಾಡುತ್ತದೆ.

ತೆರೆದ ಡೆಕ್‌ನ ಮಹತ್ವ 2020ರ ಫೆಬ್ರವರಿಯಲ್ಲಿ ಜಗತ್ತಿನ ಗಮನಕ್ಕೆ ಬಂದಿತು. ಕೋವಿಡ್ ಸೋಂಕಿನ ಕಾರಣ ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿಯಲಾದ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿ ಸಿಬ್ಬಂದಿ ಸೇರಿ 3,711 ಜನರಿದ್ದರು. ಪ್ರಯಾಣಿಕರು ತಮ್ಮ ಕೋಣೆಗಳಲ್ಲಿಯೇ ಇರಬೇಕಾಯಿತು. ಕಿಟಕಿಗಳಿಲ್ಲದ ಒಳಕೋಣೆಗಳಲ್ಲಿದ್ದವರಿಗೆ ಮುಖಗವಸು ಧರಿಸಿ, ಪರಸ್ಪರ ಅಂತರ ಕಾಯ್ದುಕೊಂಡು, ಸರದಿಯಂತೆ ಸ್ವಲ್ಪ ಹೊತ್ತು ಡೆಕ್ ಮೇಲೆ ನಡೆಯಲು ಅವಕಾಶ ನೀಡಲಾಗಿತ್ತು. ಅಂತಿಮವಾಗಿ ಹಡಗಿನಲ್ಲಿದ್ದವರ ಪೈಕಿ 712 ಜನರಿಗೆ ಸೋಂಕು ತಗುಲಿತು.

## ಸುರಕ್ಷತೆ ಮತ್ತು ನಿಯಮಗಳು

ವಿಹಾರ ಡೆಕ್ ವ್ಯಾಯಾಮದ ಸ್ಥಳವಾಗಿರುವಂತೆಯೇ ಅಪಾಯದ ವೇಳೆ ಪಾರಾಗುವ ಸ್ಥಳವೂ ಆಗಿದೆ. ಟೈಟಾನಿಕ್ ದುರಂತದ ಬಳಿಕ 1914ರಲ್ಲಿ ರೂಪುಗೊಂಡ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಇಂದಿನ ರೂಪ, ಲೈಫ್‌ಬೋಟ್‌ಗಳ ಸಂಖ್ಯೆ, ಸ್ಥಾನ ಮತ್ತು ಪ್ರಯಾಣಿಕರ ಕವಾಯತುಗಳನ್ನು ನಿಯಂತ್ರಿಸುತ್ತದೆ. ಅನೇಕ ಹಡಗುಗಳಲ್ಲಿ ಪ್ರಯಾಣಿಕರು ದೋಣಿ ಹತ್ತಬೇಕಾದುದು ಇದೇ ಡೆಕ್‌ನಿಂದ. ಆದ್ದರಿಂದ ಹಾದಿಯಲ್ಲಿ ಅಡೆತಡೆಗಳನ್ನು ಇಡುವಂತಿಲ್ಲ. 2012ರ ಕೋಸ್ಟಾ ಕಾಂಕೋರ್ಡಿಯಾ ಅಪಘಾತದ ನಂತರ ಬಂದ ತಿದ್ದುಪಡಿಯಂತೆ, ಹೊಸದಾಗಿ ಹತ್ತಿದ ಪ್ರಯಾಣಿಕರ ಕವಾಯತು ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ನಡೆಯಬೇಕು. ಕವಾಯತಿನ ಹೊತ್ತಿನಲ್ಲಿ ಮತ್ತು ಲೈಫ್‌ಬೋಟ್‌ಗಳ ದುರಸ್ತಿ, ಪರೀಕ್ಷೆಗಳ ವೇಳೆ ಹಾದಿಯನ್ನು ಮುಚ್ಚಲಾಗುತ್ತದೆ.

ಡೆಕ್‌ನ ಅಂಚಿನ ರೇಲಿಂಗ್ ಕನಿಷ್ಠ ಒಂದು ಮೀಟರ್ ಎತ್ತರವಿರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಅಮೆರಿಕದ ಬಂದರುಗಳಿಂದ ಪ್ರಯಾಣಿಕರನ್ನು ಒಯ್ಯುವ ಹಡಗುಗಳಿಗೆ 2010ರ ಕಾಯಿದೆ 42 ಅಂಗುಲ, ಅಂದರೆ ಸುಮಾರು 1.07 ಮೀಟರ್ ಎತ್ತರವನ್ನು ವಿಧಿಸಿದೆ.

ಹಡಗುಗಳು ತಮ್ಮದೇ ಆದ ನಿಯಮಗಳನ್ನೂ ಹೊಂದಿರುತ್ತವೆ. ಸಾಮಾನ್ಯವಾಗಿ ಕಂಡುಬರುವವು ಇವು:

* ವಿಹಾರ ಡೆಕ್‌ನ ಕೆಳಗೆ ಅಥವಾ ಪಕ್ಕದಲ್ಲಿ ಮಲಗುವ ಕೋಣೆಗಳಿದ್ದಲ್ಲಿ ಮುಂಜಾನೆ ಮತ್ತು ರಾತ್ರಿ ಓಟಕ್ಕೆ ನಿಷೇಧ. ಕೆಲವೆಡೆ ನಡಿಗೆಗೆ ಮಾತ್ರ ಅನುಮತಿ.
* ಬಾಣದ ಗುರುತು ತೋರಿಸುವ ಒಂದೇ ದಿಕ್ಕಿನಲ್ಲಿ ಸಾಗುವುದು.
* ನಿಧಾನವಾಗಿ ನಡೆಯುವವರಿಗೆ ದಾರಿ ಬಿಟ್ಟು ಪಕ್ಕದಿಂದ ದಾಟಿಹೋಗುವುದು.
* ಗಾಳಿ ಬಲವಾದಾಗ ಅಥವಾ ಡೆಕ್ ತೊಳೆಯುವಾಗ ಹಾದಿಯನ್ನು ಬಳಸದಿರುವುದು.

ನೀರು ಒಳನುಗ್ಗದಂತೆ ಬಾಗಿಲುಗಳ ಬುಡದಲ್ಲಿ ಎತ್ತರಿಸಿದ ಹೊಸ್ತಿಲುಗಳಿರುತ್ತವೆ. ಎಡವಲು ಇವು ಸಾಮಾನ್ಯ ಕಾರಣಗಳಾಗಿದ್ದು, ಗಾಲಿಕುರ್ಚಿ ಬಳಸುವವರಿಗೆ ಅಡ್ಡಿಯಾಗುತ್ತವೆ. ಹೊಸ ಹಡಗುಗಳಲ್ಲಿ ಕೆಲವು ಬಾಗಿಲುಗಳಿಗಾದರೂ ಇಳಿಜಾರು ಪಟ್ಟಿಗಳನ್ನು ಒದಗಿಸಲಾಗುತ್ತಿದೆ.

## ಸಿಬ್ಬಂದಿಯ ಹಕ್ಕು

ದೊಡ್ಡ ಕ್ರೂಸ್ ಹಡಗಿನಲ್ಲಿ ಸಾವಿರಕ್ಕೂ ಹೆಚ್ಚು ಸಿಬ್ಬಂದಿ ಇರುತ್ತಾರೆ. ಇವರಲ್ಲಿ ಅನೇಕರ ಕೋಣೆಗಳು ಕೆಳಗಿನ ಅಂತಸ್ತುಗಳಲ್ಲಿದ್ದು ಕಿಟಕಿಗಳಿರುವುದಿಲ್ಲ. ಪ್ರಯಾಣಿಕರ ಡೆಕ್‌ಗಳಲ್ಲಿ ವಿರಾಮಕ್ಕಾಗಿ ಓಡಾಡುವ ಅವಕಾಶ ಅವರ ಹುದ್ದೆಯನ್ನು ಅವಲಂಬಿಸಿರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಕಡಲ ಕಾರ್ಮಿಕ ಒಪ್ಪಂದವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕೆಲಸದ ಹೊತ್ತು ಮುಗಿದ ನಾವಿಕರು ಬಳಸಬಹುದಾದ ತೆರೆದ ಡೆಕ್ ಪ್ರತಿ ಹಡಗಿನಲ್ಲಿಯೂ ಇರಬೇಕು ಮತ್ತು ಅದರ ವಿಸ್ತಾರ ಹಡಗಿನ ಗಾತ್ರಕ್ಕೂ ನಾವಿಕರ ಸಂಖ್ಯೆಗೂ ತಕ್ಕಂತಿರಬೇಕು ಎಂದು ಅದು ವಿಧಿಸುತ್ತದೆ. ಒಪ್ಪಂದ 2013ರಲ್ಲಿ ಜಾರಿಗೆ ಬಂದಿತು. ಭಾರತ 2015ರಲ್ಲಿ ಅದನ್ನು ಅನುಮೋದಿಸಿತು. ಕ್ರೂಸ್ ಹಡಗುಗಳಲ್ಲಿ ದುಡಿಯುವ ಭಾರತೀಯರಲ್ಲಿ ಗೋವಾ, ಮುಂಬಯಿ ಮತ್ತು ಕರ್ನಾಟಕದ ಕರಾವಳಿಯವರೂ ಇರುವುದರಿಂದ ಈ ನಿಯಮ ಅವರ ದೈನಂದಿನ ಬದುಕಿಗೆ ನೇರವಾಗಿ ಸಂಬಂಧಿಸಿದೆ.

## ವಿನ್ಯಾಸದಲ್ಲಿನ ಬದಲಾವಣೆಗಳು

ಹಡಗಿನ ಹೊರಮೈ ಅತ್ಯಂತ ಬೆಲೆಬಾಳುವ ಜಾಗ. 1962ರಲ್ಲಿ ಸೇವೆಗೆ ಬಂದ ಫ್ರಾನ್ಸ್ ಎಂಬ ಹಡಗು 1980ರಲ್ಲಿ ನಾರ್ವೆ ಎಂಬ ಹೆಸರಿನ ವಿಹಾರ ನೌಕೆಯಾಗಿ ಮಾರ್ಪಟ್ಟಾಗ, ಅದರ ಗಾಜುಮುಚ್ಚಿದ ವಿಹಾರ ಡೆಕ್‌ಗಳು ಫಿಫ್ತ್ ಅವೆನ್ಯೂ ಮತ್ತು ಶಾಂಜೆಲಿಜೆ ಎಂಬ ಹೆಸರಿನ ಒಳಬೀದಿಗಳಾದವು. 1984ರ ರಾಯಲ್ ಪ್ರಿನ್ಸೆಸ್ ಎಲ್ಲ ಪ್ರಯಾಣಿಕರಿಗೂ ಹೊರಬದಿಯ ಕೋಣೆಗಳನ್ನು ಒದಗಿಸಿ, ಬಾಲ್ಕನಿ ಕೋಣೆಗಳ ಜನಪ್ರಿಯತೆಗೆ ದಾರಿ ಮಾಡಿತು. ಹೊರಬದಿಯ ಜಾಗ ಖಾಸಗಿ ಬಾಲ್ಕನಿಗಳಾಗಿ ಹಂಚಿಹೋದಂತೆ ಎಲ್ಲರಿಗೂ ಸೇರಿದ ಹಾದಿ ಹಲವು ಹಡಗುಗಳಲ್ಲಿ ಕಿರಿದಾಯಿತು ಅಥವಾ ತುಂಡಾಯಿತು. 1999ರ ವಾಯೇಜರ್ ಆಫ್ ದಿ ಸೀಸ್ ಹಡಗಿನಲ್ಲಿ ಪ್ರೊಮೆನಾಡ್ ಎಂಬ ಹೆಸರನ್ನು ಹಡಗಿನೊಳಗಿನ ಅಂಗಡಿಬೀದಿಗೇ ಇಡಲಾಯಿತು.

ಇದಕ್ಕೆ ಪ್ರತಿಯಾದ ಪ್ರವೃತ್ತಿಯೂ ಇದೆ. ಕ್ವೀನ್ ಮೇರಿ 2 ಹಳೆಯ ಸಾಗಣೆ ಹಡಗುಗಳ ಮಾದರಿಯ ಪೂರ್ಣ ಸುತ್ತಿನ ಹಾದಿಯನ್ನು ಉಳಿಸಿಕೊಂಡಿತು. 2009ರ ಓಯಸಿಸ್ ಆಫ್ ದಿ ಸೀಸ್ ಹಡಗಿನಲ್ಲಿ ಓಟದ ಪಟ್ಟಿಯನ್ನು ಮೇಲಂತಸ್ತಿನ ಬದಲು ಐದನೆಯ ಡೆಕ್‌ನಲ್ಲಿ ಹಡಗನ್ನು ಬಳಸುವಂತೆ ರೂಪಿಸಲಾಯಿತು. 2022ರ ನಾರ್ವೇಜಿಯನ್ ಪ್ರೀಮಾ ಹಡಗಿನ ಎಂಟನೆಯ ಡೆಕ್ ಸುತ್ತ ಸಾಗುವ ಓಷನ್ ಬೊಲೆವಾರ್ಡ್ 44,000 ಚದರ ಅಡಿ ವಿಸ್ತಾರ ಹೊಂದಿದೆ. ಅದರಲ್ಲಿ ನಡಿಗೆಯ ಹಾದಿಯ ಜೊತೆಗೆ ಉಪಾಹಾರಗೃಹಗಳೂ ಕೊಳಗಳೂ ಸೇರಿವೆ. ಹಾಲೆಂಡ್ ಅಮೆರಿಕ ಲೈನ್ ಹಡಗುಗಳಲ್ಲಿ 'ಆನ್ ಡೆಕ್ ಫಾರ್ ಎ ಕಾಸ್' ಎಂಬ ಹೆಸರಿನಲ್ಲಿ ದತ್ತಿಕಾರ್ಯಗಳ ನಿಧಿಗಾಗಿ 5 ಕಿಲೋಮೀಟರ್ ಸಾಮೂಹಿಕ ನಡಿಗೆ ನಡೆಯುತ್ತದೆ.

ಹಾದಿ ಪೂರ್ಣ ಸುತ್ತಿನದೇ, ಯಾವ ಡೆಕ್‌ನಲ್ಲಿದೆ, ಓಟಕ್ಕೆ ಅನುಮತಿ ಇದೆಯೇ ಎಂಬ ವಿವರಗಳು ಒಂದೇ ಕಂಪನಿಯ ಹಡಗುಗಳಲ್ಲಿಯೂ ಬೇರೆ ಬೇರೆಯಾಗಿರುತ್ತವೆ. ಹಡಗಿನ ಡೆಕ್ ನಕ್ಷೆಯಲ್ಲಿ ಇವುಗಳ ಪೈಕಿ ಮೊದಲ ಎರಡನ್ನು ಮುಂಚಿತವಾಗಿ ಗುರುತಿಸಬಹುದು. ಮೂರನೆಯದು ಹಡಗಿನ ನಿಯಮಗಳಿಂದ ತಿಳಿಯುತ್ತದೆ.

## ಇವನ್ನೂ ನೋಡಿ

* ಕ್ರೂಸ್ ಹಡಗು
* ಜಾಗಿಂಗ್
* ಆರ್‌ಎಂಎಸ್ ಟೈಟಾನಿಕ್
* ಬೋಫರ್ಟ್ ಮಾಪನ
* ಗಿರ್ಮಿಟ್ ಕೂಲಿ ಪದ್ಧತಿ